ಗಾಲಿ ಮೇಷ್ಟ್ರ ಭಾನುವಾರಗಳು

ನನ್ನ ಹೆಂಡತಿ ಹೇಳುವ ಪ್ರಕಾರ ನಾನು ಮೊಸರಿನಲ್ಲಿ ಕಲ್ಲು ಹುಡುಕುವ ಮನುಷ್ಯ. ಅಂಗಡಿಯವನು ನಗುತ್ತಾ ಮಾತಾಡಿಸಿದರೆ ನನ್ನ ಕಣ್ಣು ತಕ್ಕಡಿಯ ಮೇಲೆ ಹೋಗುತ್ತದೆ. ನೆಂಟರು ಹೇಳದೆ ಕೇಳದೆ ಬಂದರೆ, ಕಾಫಿ ಕೊಡುವುದಕ್ಕೂ ಮೊದಲು, ಇವರು ಯಾವ ಕೆಲಸಕ್ಕೆ ಬಂದಿರಬಹುದು ಎಂದು ಯೋಚಿಸುತ್ತೇನೆ. ಕಂದಾಯ ಇಲಾಖೆಯಲ್ಲಿ ಪಹಣಿ ಬರೆದು ತಲೆ ನರೆತವನಿಗೆ ಇದು ಕಸುಬಿನ ಗುಣ. ಎದುರಿಗೆ ಕೂತವನು ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡೇ ಹೊರಟರೆ ಮೋಸಹೋಗುವುದು ಕಡಿಮೆ. ಈ ಬುದ್ಧಿಯನ್ನು ನಾನು ಜೀವಮಾನದಲ್ಲಿ ಒಂದು ಸಲ, ಅರ್ಧ ನಿಮಿಷದ ಮಟ್ಟಿಗೆ, ಪಕ್ಕಕ್ಕಿಟ್ಟೆ. ಗಾಲಿ ಮೇಷ್ಟ್ರ ವಿಷಯ ಬರೆಯಬೇಕಾಗಿ ಬಂದಿರುವುದು ಅದಕ್ಕೇ.

ಮೇಷ್ಟ್ರು ಎನ್ನುವುದು ಜನ ಕೊಟ್ಟ ಹೆಸರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಬೀರೂರು ಜಂಕ್ಷನ್ನಿಗೆ ಬಂದು ನಿಂತ ರೈಲಿನ ಗಾಲಿಗಳನ್ನು ಉದ್ದ ಹಿಡಿಯ ಸುತ್ತಿಗೆಯಿಂದ ಒಂದೊಂದಾಗಿ ತಟ್ಟಿ, ಸದ್ದು ಕೇಳಿ, ಗಾಲಿ ಗಟ್ಟಿಯಿದೆಯೋ ಬಿರುಕು ಬಿಟ್ಟಿದೆಯೋ ಹೇಳುವುದು ಅವರ ಕೆಲಸವಾಗಿತ್ತು. ಗಟ್ಟಿ ಗಾಲಿ ಗಂಟೆಯ ಹಾಗೆ ಗಣ್ ಎನ್ನುತ್ತದೆ, ಒಡೆದದ್ದು ಲೊಟ್ ಎನ್ನುತ್ತದೆ. ಅವರು ಸರಿ ಎಂದರೆ ಗಾಡಿ ಹೊರಡಬೇಕು, ಇಲ್ಲವೆಂದರೆ ಆ ಡಬ್ಬಿಯನ್ನು ಬಿಚ್ಚಿ ಪಕ್ಕಕ್ಕೆ ಹಾಕಬೇಕು. ರಿಟೈರಾಗಿ ಕಡೂರಿನಲ್ಲಿ ಮನೆ ಮಾಡಿಕೊಂಡಿದ್ದರು.

ಸುಮ್ಮನೆ ಕೂತಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಒಂದು ಹೊಸ ಉದ್ಯೋಗ ಹಚ್ಚಿಕೊಂಡರು. ಸುತ್ತಲಿನ ಹೈಸ್ಕೂಲುಗಳಿಗೆ, ಆಸ್ಪತ್ರೆಗೆ, ಬ್ಯಾಂಕಿಗೆ ಕಾರ್ಡು ಬರೆದರು. ಹಳೆಯ ಯಂತ್ರ, ಸೇತುವೆ, ಕೆರೆಯ ತೂಬು, ರೈಲಿನ ಕೆಲಸ ಇವನ್ನೆಲ್ಲ ಕಣ್ಣಾರೆ ನೋಡಿ ತಿಳಿಯುವ ಆಸೆ ಇರುವವರು ತಿಂಗಳ ಮೊದಲ ಭಾನುವಾರ ಬೆಳಗಿನ ಪ್ಯಾಸೆಂಜರಿನ ಹೊತ್ತಿಗೆ ಕಡೂರು ಸ್ಟೇಷನ್ನಿಗೆ ಬರಬೇಕು, ಬುತ್ತಿ ತರಬೇಕು, ಚಪ್ಪಲಿ ಗಟ್ಟಿಯಿರಬೇಕು, ಇಷ್ಟೇ. ಐದಾರು ಜನ ಬರುತ್ತಿದ್ದರು, ಒಮ್ಮೊಮ್ಮೆ ಹತ್ತು. ಒಂದು ಭಾನುವಾರ ಬೀರೂರಿನಲ್ಲಿ ಎಂಜಿನ್ನಿಗೆ ನೀರು ತುಂಬುವ ಕಂಬ, ಇನ್ನೊಂದು ಭಾನುವಾರ ಅಜ್ಜಂಪುರದ ಹಾದಿಯ ರೈಲ್ವೆ ಮೋರಿ, ಮತ್ತೊಂದು ಸಲ ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೆ ಹಿಂದೆ ಓಡುತ್ತಿದ್ದ ಸಣ್ಣ ಟ್ರಾಂ ರೈಲಿನ ಏರಿ. ಹಳಿ ಕಿತ್ತು ಎಷ್ಟೋ ವರ್ಷವಾಗಿ ಲಂಟಾನ ಬೆಳೆದ ಆ ಏರಿಯ ಮೇಲೆ ಬ್ಯಾಂಕಿನ ಮೇನೇಜರನ್ನು ನಡೆಸಿಕೊಂಡು ಹೋಗಿ, ಎಂಜಿನ್ನು ಇಲ್ಲಿ ಏದುಸಿರು ಬಿಡ್ತಿತ್ತು, ಇಲ್ಲಿ ಜನ ಇಳಿದು ತಳ್ತಿದ್ರು, ಎಂದು ತೋರಿಸುತ್ತಿದ್ದರು. ಯಾರಾದರೂ ದಾರಿಯಲ್ಲಿ ಕಂಡ ಗುಡಿಯ ಕಡೆ ತಿರುಗಿದರೆ ಸಿಡುಕುತ್ತಿದ್ದರು. ಗುಡಿ ತೋರಿಸೋಕೆ ಪೂಜಾರಿ ಇದಾನೆ, ಈ ಮೋರಿಗೆ ಯಾರಿದಾರೆ, ಎನ್ನುತ್ತಿದ್ದರು.

ತುರ್ತು ಪರಿಸ್ಥಿತಿಯ ಕಾಲ ಅದು. ನಾಲ್ಕು ಜನ ಸೇರಿದರೆ ಯಾಕೆ ಸೇರಿದಿರಿ ಎಂದು ಪೊಲೀಸರು ಕೇಳುತ್ತಿದ್ದರು. ಇವರೋ ಜನರನ್ನು ಸೇರಿಸಿಕೊಂಡು ಸೇತುವೆ, ಹಳಿ, ಕೆರೆ ಎಂದು ಸುತ್ತುತ್ತಾರೆ, ಸುತ್ತಿಗೆ ಬೇರೆ ಹಿಡಿದಿದ್ದಾರೆ, ಸಾಲದ್ದಕ್ಕೆ ಒಂದು ನೋಟ್ ಬುಕ್ಕಿನಲ್ಲಿ ಏನೋ ಗುರುತು ಹಾಕಿಕೊಳ್ಳುತ್ತಾರೆ. ಗುಜರಿಯವರಿಗೆ ಹಳೆಯ ಕಬ್ಬಿಣ ಎಲ್ಲೆಲ್ಲಿದೆ ಎಂದು ತಿಳಿಸುತ್ತಾರಂತೆ ಎಂದರು ಕೆಲವರು. ನಿಧಿ ಹುಡುಕುತ್ತಾರೆ ಎಂದರು ಹಳ್ಳಿಯವರು. ನಾನಾಗ ಅಜ್ಜಂಪುರ ಹೋಬಳಿಯಲ್ಲಿ ವಿಲೇಜ್ ಅಕೌಂಟೆಂಟ್. ಶಾನುಭೋಗಿಕೆ ಹೋಗಿದ್ದರೂ ಜನ ನನ್ನನ್ನು ಶಾನುಭೋಗರೆಂದೇ ಕರೆಯುತ್ತಿದ್ದರು. ಅಮಲ್ದಾರರು ನನ್ನನ್ನು ಕರೆಸಿ, ಆಯಪ್ಪನ ಜೊತೆ ನೀವೂ ತಿರುಗಿ, ಏನು ಸಮಾಚಾರ ನೋಡಿ ಬರೆದುಕೊಡಿ ಎಂದರು. ಇಂಥ ಕೆಲಸಕ್ಕೆ ಇಡೀ ತಾಲ್ಲೂಕಿನಲ್ಲಿ ನನಗಿಂತ ಯೋಗ್ಯ ಸಿಗುತ್ತಿರಲಿಲ್ಲ. ಬುತ್ತಿ ಕಟ್ಟಿಸಿಕೊಂಡು ಹೊರಟೆ.

ಮೊದಲ ದಿನವೇ ಆಸಾಮಿ ಸರಿಯಿಲ್ಲ ಅನ್ನಿಸಿತು. ಮಾತಾಡುವಾಗ ಅವರು ನಮ್ಮ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ಕಣ್ಣಿಗೆ ಕಣ್ಣು ಕೊಡದವನನ್ನು ನಂಬಬೇಡ ಎಂದು ನಮ್ಮಪ್ಪ ಹೇಳುತ್ತಿದ್ದರು. ದಪ್ಪ ಮೀಸೆಯವರನ್ನು ಕಂಡರೆ ಮೇಷ್ಟ್ರಿಗೆ ಆಗುತ್ತಿರಲಿಲ್ಲ. ತುಟಿ ಮುಚ್ಚುವ ಹಾಗೆ ಮೀಸೆ ಬಿಟ್ಟಿದ್ದ ಒಬ್ಬ ಡ್ರಿಲ್ ಮೇಷ್ಟ್ರು ಎರಡು ಸಲ ಪ್ರಶ್ನೆ ಕೇಳಿದರೆ, ಇವರು ಎರಡು ಸಲವೂ ಹೂಂ ಎಂದು ಮುಂದೆ ನಡೆದರು. ಪಕ್ಕದಲ್ಲಿ ನಿಂತವನಿಗೂ ಮೈದಾನದಲ್ಲಿ ಕೂಗಿದ ಹಾಗೆ ಹೇಳುವುದು ಬೇರೆ. ಎಲ್ಲಕ್ಕಿಂತ ನನ್ನನ್ನು ಕೆಣಕಿದ್ದು ಅವರ ಪಾಠದ ಕ್ರಮ. ಯಾವುದೇ ಕಬ್ಬಿಣದ ಹತ್ತಿರ ಹೋದರೂ ಎಡಗೈಯನ್ನು ಅದರ ಮೇಲೆ ಇಡುವರು, ವೈದ್ಯರು ನಾಡಿ ಹಿಡಿದಂತೆ. ಬಲಗೈಯಿಂದ ಒಮ್ಮೆ ತಟ್ಟುವರು. ತಕ್ಷಣ ತಿರುಗಿ ನೋಟ್ ಬುಕ್ಕಿನಲ್ಲಿ ಏನೋ ಗೀಚುವರು. ಆಮೇಲೆ ಬಂದವರಲ್ಲಿ ಒಬ್ಬರನ್ನು ಕೇಳುವರು:

"ಏನ್ ಕೇಳಿಸ್ತು?"

ಕೇಳಿಸಿಕೊಂಡವರು ಗಟ್ಟಿ ಎಂದೋ ಒಡಕು ಎಂದೋ ಹೇಳಿದರೆ ಅದನ್ನೂ ಪಕ್ಕದಲ್ಲಿ ಗೀಚುವರು. ತಮಗೆ ಏನು ಕೇಳಿಸಿತು ಎಂದು ಮಾತ್ರ ಒಂದು ದಿನವೂ ಮೊದಲು ಬಾಯಿ ಬಿಡರು. ಗೊತ್ತಿದ್ದವನು ಹೇಳದೆ ಇನ್ನೊಬ್ಬರ ಬಾಯಿಂದ ಹೊರಡಿಸುವುದು ಕೋರ್ಟಿನ ವಕೀಲರ ಬುದ್ಧಿ. ನಾನು ನನ್ನ ಮೊದಲ ವರದಿಯಲ್ಲಿ ಇದನ್ನು ವಿವರವಾಗಿ ಬರೆದೆ.

ಬುಕ್ಕಾಂಬುಧಿಯ ಕೆರೆಗೆ ಹೋದ ಭಾನುವಾರ ನಮಗೆ ಒದೆ ಬೀಳುವುದೊಂದು ಬಾಕಿ. ತೂಬಿನ ಹತ್ತಿರ ಸುತ್ತಿಗೆ ಸದ್ದು ಕೇಳಿ ಊರವರು ದೊಣ್ಣೆ ಹಿಡಿದು ಬಂದರು. ಕೆರೆ ನೀರು ಬಿಡುವ ನೀರುಗಂಟಿ ಎಲ್ಲರಿಗಿಂತ ಮುಂದಿದ್ದ. ನಿಧಿಗಳ್ಳರು ಎಂದು ಒಬ್ಬ ಅಂದ, ಆಸ್ಪತ್ರೆಯ ಡಾಕ್ಟರು ನಡುಗಿಹೋದರು. ಸರ್ಕಾರದ ಮನುಷ್ಯನೆಂದು ನಾನು ಮುಂದೆ ಬರಬಹುದಿತ್ತು. ಏನಾಗುತ್ತದೋ ನೋಡೋಣವೆಂದು ಹಿಂದೆಯೇ ನಿಂತೆ. ಮೇಷ್ಟ್ರು ಅವಸರ ಮಾಡಲಿಲ್ಲ. ತೂಬಿನ ಬಾಗಿಲು ಎತ್ತುವ ಕಬ್ಬಿಣದ ಸರಳನ್ನು ಎಡಗೈಯಲ್ಲಿ ಹಿಡಿದು, ತಟ್ಟಿ, ಬುಕ್ಕಿನಲ್ಲಿ ಗೀಚಿ, ಆ ನೀರುಗಂಟಿಯನ್ನೇ ಕೇಳಿದರು. ಅವನು ಯಾಕೋ ದೊಣ್ಣೆ ಕೆಳಗಿಟ್ಟು ಕಿವಿಗೊಟ್ಟ. ಇನ್ನೊಂದು ಸಲ ತಟ್ಟಿ ಎಂದ.

"ಲೊಟ್ಟೆ ಹೊಡೀತೈತೆ," ಎಂದ.

ಸರಳು ಒಳಗೆ ಒಡೆದಿದೆ, ಕೆರೆ ತುಂಬಿದಾಗ ಎತ್ತಲು ಹೋದರೆ ಕೈಗೆ ಬರುತ್ತದೆ ಎಂದರು ಮೇಷ್ಟ್ರು. ಊರವರು ನಮಗೆ ಮಜ್ಜಿಗೆ ಕೊಟ್ಟು ಕಳಿಸಿದರು. ಆ ಸರಳನ್ನು ಆಮೇಲೆ ಬಿಚ್ಚಿಸಿದಾಗ ಒಳಗೆ ಒಡಕಿದ್ದದ್ದು ನಿಜವಾಯಿತು. ಆದರೆ ದಾರಿಯುದ್ದಕ್ಕೂ ನನ್ನ ತಲೆ ಕೊರೆದದ್ದು ಬೇರೆ. ನೀರುಗಂಟಿ ಲೊಟ್ಟೆ ಎಂದಾಗ ಮೇಷ್ಟ್ರ ಮುಖದಲ್ಲಿ ಒಂದು ಹಿಗ್ಗು ಬಂದಿತ್ತು. ಒದೆ ತಪ್ಪಿತೆಂಬ ಹಿಗ್ಗು ಹಾಗಿರುವುದಿಲ್ಲ. ಪರೀಕ್ಷೆಯಲ್ಲಿ ಪಾಸಾದವನ ಹಿಗ್ಗು ಅದು. ತಾನೇ ಕೇಳಿಸಿಕೊಂಡದ್ದನ್ನು ಇನ್ನೊಬ್ಬ ಹೇಳಿದರೆ ಇಷ್ಟು ಖುಷಿ ಯಾಕೆ?

ಅಲ್ಲಿಗೆ ನನಗೆ ಒಂದು ಸುಳಿವು ಹೊಳೆಯಿತು. ಮುಂದಿನ ತಿಂಗಳು ಬೀರೂರಿನಲ್ಲಿ, ಉಳಿದವರು ಟೀ ಕುಡಿಯಲು ಹೋದಾಗ, ಪ್ಲಾಟ್‌ಫಾರಮ್ಮಿನ ಬೆಂಚಿನ ಹಿಂದೆ ನಿಂತು, ಮಾಮೂಲು ದನಿಯಲ್ಲಿ, "ಮೇಷ್ಟ್ರೇ, ನಿಮ್ಮ ಕಾಲರಿನ ಮೇಲೆ ಚೇಳು ಹತ್ತಿದೆ" ಎಂದೆ. ಅವರು ರೊಟ್ಟಿ ಮುರಿದು ಚಟ್ನಿಪುಡಿಗೆ ಅದ್ದಿಕೊಳ್ಳುತ್ತಿದ್ದರು. ಮುರಿಯುತ್ತಲೇ ಇದ್ದರು. ಇನ್ನಷ್ಟು ಜೋರಾಗಿ ಹೇಳಿದೆ. ಕತ್ತು ಕೂಡ ಅಲುಗಲಿಲ್ಲ.

ಮುಂದೆ ಬಂದು ಅವರ ಎದುರು ನಿಂತು, ನಿಮಗೆ ಕಿವಿ ಕೇಳುವುದಿಲ್ಲ ಎಂದೆ. ಕಳ್ಳನನ್ನು ಹಿಡಿದ ಸಂತೋಷ ನನಗೆ. ಸುಳ್ಳು ಯಾಕೆ ಹೇಳಲಿ. ಅವರು ನನ್ನ ತುಟಿಯನ್ನೇ ನೋಡುತ್ತಾ ಕೂತರು. ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟರು. ಆಮೇಲೆ ಹೇಳತೊಡಗಿದರು, ಅವತ್ತು ಮಾತ್ರ ಸಣ್ಣ ದನಿಯಲ್ಲಿ.

ಸರ್ವೀಸಿನ ಕೊನೆಯ ಮೂರು ವರ್ಷ ಅವರ ಕಿವಿ ಹೋಗಿಬಿಟ್ಟಿತ್ತು. ಹಬೆ, ಸೀಟಿ, ಕಬ್ಬಿಣದ ನಡುವೆ ಬದುಕಿದವರಿಗೆ ಅದು ಬರುವುದೇ. ಹೇಳಿದ್ದರೆ ಡಾಕ್ಟರು ಅನ್‌ಫಿಟ್ ಎಂದು ಬರೆಯುತ್ತಿದ್ದರು. ಮನೆಯಲ್ಲಿ ಮದುವೆಗೆ ನಿಂತ ಹೆಣ್ಣುಮಕ್ಕಳು. ಹೇಳಲಿಲ್ಲ. ಗಾಲಿಯ ಮೇಲೆ ಎಡಗೈ ಇಟ್ಟು ತಟ್ಟುವುದನ್ನು ಅಭ್ಯಾಸ ಮಾಡಿಕೊಂಡರು. ಗಟ್ಟಿ ಗಾಲಿ ತಟ್ಟಿದ ಮೇಲೂ ಬೆರಳಿನಲ್ಲಿ ಜುಂ ಎನ್ನುತ್ತಿರುತ್ತದೆ, ಒಡೆದದ್ದು ತಟ್ಟಿದಲ್ಲೇ ಸತ್ತುಹೋಗುತ್ತದೆ. ಮೂರು ವರ್ಷ ಬೀರೂರು ದಾಟಿದ ಗಾಡಿಗಳನ್ನೆಲ್ಲ ಹೀಗೆ ಕೈಯಿಂದ ಕೇಳಿ ಕಳಿಸಿದರು. ರಿಟೈರಾಗುವ ವರ್ಷ ಎಲ್ಲೋ ದೂರದಲ್ಲಿ ಗಾಲಿ ಒಡೆದು ಒಂದು ಗಾಡಿ ಹಳಿ ತಪ್ಪಿತು, ಜನ ಸತ್ತರು.

"ಆ ಡಬ್ಬಿ ನನ್ ಕೈ ಕೆಳಗೆ ಹೋಗಿತ್ತೋ ಇಲ್ವೋ ಗೊತ್ತಿಲ್ಲ ಶಾನುಭೋಗ್ರೇ. ನನ್ ಕೈ ಸರಿಯಾಗಿ ಹೇಳ್ತಿತ್ತೋ ಇಲ್ವೋ, ಅದನ್ನಾದ್ರೂ ತಿಳ್ಕೋಬೇಕು."

ಭಾನುವಾರಗಳು ಅದಕ್ಕಾಗಿ. ನೋಟ್ ಬುಕ್ಕನ್ನು ನನ್ನ ಕೈಗೆ ಕೊಟ್ಟರು. ಪ್ರತಿ ಪುಟದಲ್ಲೂ ಎರಡು ಸಾಲು, ಒಂದರ ತಲೆಯ ಮೇಲೆ ಕೈ ಎಂದು, ಇನ್ನೊಂದರ ಮೇಲೆ ಕಿವಿ ಎಂದು ಬರೆದಿತ್ತು. ಅವರ ಕೈಗೆ ತಿಳಿದದ್ದು ಮೊದಲು, ಬಂದವರ ಕಿವಿ ಹೇಳಿದ್ದು ಆಮೇಲೆ. ಮೋರಿ, ಕಂಬ, ಸರಳು ಎಲ್ಲದರಲ್ಲೂ ಎರಡೂ ತಾಳೆಯಾಗಿದ್ದವು. ಆದರೆ ಅವು ಗಾಲಿಗಳಲ್ಲ. ಒಡೆದ ಗಾಲಿಯೊಂದನ್ನು ಕೈ ಪತ್ತೆಮಾಡಿ ತೋರಿಸುವ ತನಕ ಅವರಿಗೆ ನೆಮ್ಮದಿಯಿಲ್ಲ. ಮೇಲಾಗಿ ಬಂದವರ ಮಾತಿನ ಮೇಲೂ ಅವರಿಗೆ ಪೂರ್ತಿ ಭರವಸೆ ಇರಲಿಲ್ಲ. ಹಿರಿಯರು, ಬೇಜಾರು ಮಾಡಬಾರದು ಎಂದು ತಮ್ಮ ಮುಖ ನೋಡಿ ಹೇಳುತ್ತಾರೆ ಎಂಬ ಸಂಶಯ.

"ನೀವು ಹಂಗಲ್ಲ ಕಣ್ರೀ. ನೀವು ನನ್ನನ್ನ ಹಿಡಿದು ಹಾಕೋಕೆ ಬಂದೋರು. ನೀವು ಹೇಳಿದ್ದು ನಂಬಬಹುದು."

ಇಂಥ ಮರ್ಯಾದೆ ನನಗೆ ಯಾರೂ ಕೊಟ್ಟಿರಲಿಲ್ಲ. ಅಮಲ್ದಾರರಿಗೆ, ಮನುಷ್ಯ ನಿರುಪದ್ರವಿ, ಹಳೆಯ ಕಬ್ಬಿಣದ ಹುಚ್ಚು, ಎಂದು ಎರಡು ಸಾಲು ಬರೆದು ಮುಗಿಸಿದೆ. ಕಿವಿಯ ವಿಷಯ ಬರೆಯಲಿಲ್ಲ. ಅಂದಿನಿಂದ ಏನ್ ಕೇಳಿಸ್ತು ಎಂಬ ಪ್ರಶ್ನೆ ನನಗೇ ಬರತೊಡಗಿತು. ಎಷ್ಟೋ ಭಾನುವಾರ, ಮಳೆಗಾಲ ಬಿಟ್ಟು, ನಾನು ಅವರ ಕಿವಿಯಾಗಿ ತಿರುಗಿದೆ. ತುರ್ತು ಪರಿಸ್ಥಿತಿ ಮುಗಿಯಿತು, ಅಮಲ್ದಾರರು ವರ್ಗವಾದರು, ಹೆಂಡತಿ ನಿಮಗೇನು ತಲೆ ಕೆಟ್ಟಿದೆಯೇ ಎಂದು ಕೇಳಿ ಕೇಳಿ ಸುಮ್ಮನಾದಳು. ಮೇಷ್ಟ್ರಿಗೆ ಕೈ ನಡುಗುವುದಕ್ಕೆ ಶುರುವಾಯಿತು. ಬಂದವರ ಎದುರು ಒಮ್ಮೆ ಟೀ ಲೋಟ ಕೆಡವಿಕೊಂಡರು. ಬರುವವರೂ ಕಡಿಮೆಯಾದರು. ಎಂಬತ್ತರ ದಶಕ ಹುಟ್ಟುವ ಹೊತ್ತಿಗೆ ನಾವಿಬ್ಬರೇ ಹೋಗುವ ಭಾನುವಾರಗಳೂ ಇದ್ದವು.

ತರೀಕೆರೆಯ ಒಂದು ಸಾ ಮಿಲ್ಲಿನ ಹಿತ್ತಲಿನಲ್ಲಿ ಆ ಹಳೆಯ ಟ್ರಾಂ ರೈಲಿನ ಗಾಲಿಯೊಂದಿದೆ ಎಂದು ಯಾರೋ ಹೇಳಿದರು. ಹೋದೆವು. ಗಾಲಿಯನ್ನು ಎರಡು ದಿಮ್ಮಿಗಳ ಮೇಲೆ ಎತ್ತಿಟ್ಟಿದ್ದರು. ಮೈತುಂಬ ತುಕ್ಕು, ಕಣ್ಣಿಗೆ ಬಿರುಕು ಕಾಣುತ್ತಿರಲಿಲ್ಲ. ಒಳಗಿನ ಬಿರುಕು ಹೇಗೂ ಕಣ್ಣಿಗೆ ಕಾಣುವುದಿಲ್ಲವೆಂದು ಅವರೇ ನನಗೆ ಹೇಳಿಕೊಟ್ಟಿದ್ದರು. ಮೇಷ್ಟ್ರು ನಡುಗುವ ಎಡಗೈಯನ್ನು ಅಂಚಿನ ಮೇಲಿಟ್ಟು, ಕಣ್ಣು ಮುಚ್ಚಿ, ತಟ್ಟಿದರು.

ಲೊಟ್ ಎಂದಿತು. ಮಕ್ಕಳಿಗೂ ತಿಳಿಯುವಷ್ಟು ಸತ್ತ ಸದ್ದು.

ಅವರ ಮುಖ ನೋಡಿದೆ. ನೋಡಬಾರದಿತ್ತು. ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು, ಇಷ್ಟು ವರ್ಷದಲ್ಲಿ ನಾನು ಕಾಣದ ನಿರಾಳ. ಅಯ್ಯೋ, ಎಂದುಕೊಂಡೆ, ಈ ನಡುಗುವ ಕೈಗೆ ಗಟ್ಟಿ ಎಂದು ಬಂದಿದೆ. ಈಗ ನಾನು ಒಡಕು ಎಂದರೆ ಈ ಮನುಷ್ಯ ಉಳಿಯುವುದಿಲ್ಲ. ಆಗಿನ ಕೈ ಬೇರೆ, ಇವತ್ತಿನ ಕೈ ಬೇರೆ. ಇವತ್ತಿನ ತಪ್ಪಿಗೆ ಅವತ್ತಿನ ಪಾಪ ಯಾಕೆ ಹೊರಬೇಕು. ಅವರು ಬುಕ್ಕಿನಲ್ಲಿ ಗೀಚಿ ತಿರುಗಿ, ಕೇಳಿದರು. ಬುಕ್ಕಿನಲ್ಲಿ ಏನಿದೆ ಎಂದು ನಾನು ಇಣುಕಲಿಲ್ಲ. ಎಲ್ಲದರಲ್ಲೂ ಇಣುಕುವ ನಾನು ಅವತ್ತು ಇಣುಕಲಿಲ್ಲ.

"ಗಟ್ಟಿ ಇದೆ ಮೇಷ್ಟ್ರೇ. ಗಣ್ ಅಂತು," ಎಂದೆ.

ನಗು ಹೋಯಿತು. ಇನ್ನೊಂದ್ಸಲ ಕೇಳಿ ಎಂದು ಮತ್ತೆ ತಟ್ಟಿದರು. ಆಡಿದ ಮಾತಿಗೆ ಕಟ್ಟುಬಿದ್ದು ಮತ್ತೆ ಗಟ್ಟಿ ಎಂದೆ. ಅವರು ಬುಕ್ಕನ್ನು ನನ್ನ ಕಡೆ ಹಿಡಿದರು. ಕೈ ಎಂಬ ಸಾಲಿನಲ್ಲಿ ಒಡಕು ಎಂದು ಬರೆದಿತ್ತು.

ನಗು ಅದಕ್ಕೆ ಬಂದಿತ್ತು. ಅವರಿಗೆ ಬೇಕಾಗಿದ್ದ ಒಡೆದ ಗಾಲಿ ಕೊನೆಗೂ ಸಿಕ್ಕಿತ್ತು, ಕೈ ಅದನ್ನು ಹಿಡಿದಿತ್ತು, ನಾನು ಹೂಂ ಎನ್ನುವುದೊಂದು ಬಾಕಿಯಿತ್ತು.

ನಾನು ಸುಳ್ಳು ಹೇಳಿದೆ, ಅದು ಒಡೆದಿದೆ, ನಿಮ್ಮ ಕೈಯೇ ಸರಿ, ಎಂದು ಗೋಗರೆದೆ. ಅವರು ನನ್ನ ತುಟಿ ನೋಡುತ್ತಾ ನಿಂತರು. ಗರಗಸದ ಹತ್ತಿರ ಇದ್ದ ಆಳನ್ನು ಕೈಹಿಡಿದು ಎಳೆದುಕೊಂಡು ಬಂದೆ. ಬರುತ್ತಲೇ, ಒಡೆದಿದೆ ಅಲ್ವೇನಯ್ಯಾ, ಒಡೆದಿದೆ ಅಂತ ಹೇಳು, ಎಂದು ಕಿರುಚಿದೆ. ಅವನು ಗಾಬರಿಯಿಂದ, ಹೂಂ ಸ್ವಾಮಿ, ಒಡೆದೈತೆ, ಎಂದ. ನನ್ನ ತುಟಿಯ ಮೇಲೆ ಅಷ್ಟೂ ಮಾತನ್ನು ಮೇಷ್ಟ್ರು ಓದಿಯಾಗಿತ್ತು.

"ಬಿಡಿ ಶಾನುಭೋಗ್ರೇ. ನೀವೂ ನನ್ ಮುಖ ನೋಡಿ ಹೇಳೋಕೆ ಶುರು ಮಾಡಿದ್ರಿ," ಎಂದರು.

ನನಗಿಂತ ಬೇರೆ ಕಿವಿಗಳಿವೆ, ಯಾರನ್ನಾದರೂ ಕರೆದುಕೊಂಡು ಹೋಗಿ ಕೇಳಿಸಿ ಎಂದು ರೈಲಿನಲ್ಲಿ ಎಷ್ಟೋ ಹೇಳಿದೆ. ನೀವೇ ಹೇಳಿಕೊಟ್ಟು ಕಳಿಸಿರುತ್ತೀರಿ ಎಂದರು. ಅನುಮಾನದಲ್ಲಿ ಅವರು ನನ್ನನ್ನು ಮೀರಿಸಿಬಿಟ್ಟರು. ಮುಂದಿನ ತಿಂಗಳು ನಾನೊಬ್ಬನೇ ತರೀಕೆರೆಗೆ ಹೋದರೆ ಸಾ ಮಿಲ್ಲಿನವರು ಗಾಲಿಯನ್ನು ಗುಜರಿಗೆ ಹಾಕಿಬಿಟ್ಟಿದ್ದರು.

ಮೊದಲ ಭಾನುವಾರಗಳು ನಿಂತುಹೋದವು. ಎರಡು ತಿಂಗಳ ಮೇಲೆ ಒಂದು ದಿನ ಮೇಷ್ಟ್ರು ಅಜ್ಜಂಪುರಕ್ಕೆ, ನನ್ನ ಚಾವಡಿಗೇ ಬಂದರು. ಊರವರ ಅರ್ಜಿಗಳನ್ನೆಲ್ಲ ಬರೆದುಕೊಡುವವನು ನಾನೇ. ರೈಲ್ವೆಯ ಸಾಹೇಬರಿಗೆ ಒಂದು ಅರ್ಜಿ ಬರೆಯಬೇಕು, ಕೈ ನಡುಗುತ್ತದೆ, ಅಕ್ಷರ ಕೂರುವುದಿಲ್ಲ ಎಂದರು. ಎದುರಿಗೆ ಕೂತರು.

"ನಾನು ಹೇಳಿದ್ದು ಹೇಳಿದಂಗೆ ಬರೀರಿ. ಈ ಸಲ ಏನೂ ಸೇರಿಸಬೇಡಿ."

ಅವರು ಹೇಳಿದರು, ನಾನು ಬರೆದೆ. ಕಿವಿ ಹೋದ ಮೇಲೂ ಮೂರು ವರ್ಷ ತಿಳಿಸದೆ ಕೆಲಸ ಮಾಡಿದೆನೆಂದು. ಗಾಲಿಗಳನ್ನು ಕೈಯಿಂದ ನೋಡಿ ಕಳಿಸಿದೆನೆಂದು. ಆ ಕೈ ಸುಳ್ಳು ಹೇಳುತ್ತದೆಂದು ಈಗ ಖಾತ್ರಿಯಾಗಿದೆಯೆಂದು. ಹಳಿ ತಪ್ಪಿದ ಗಾಡಿಗೆ ತಾನೂ ಹೊಣೆಯೆಂದು. ಆ ಮೂರನೆಯ ವಾಕ್ಯಕ್ಕೆ ಬಂದಾಗ ನಾನು ಪೆನ್ನು ಎತ್ತಿದೆ. ಇದು ನಿಜವಲ್ಲ, ದೇವರಾಣೆ ನಿಜವಲ್ಲ, ಎಂದೆ. ಅವರು ನನ್ನ ಬಾಯಿ ನೋಡುವುದನ್ನು ಬಿಟ್ಟು ಕಾಗದವನ್ನೇ ನೋಡುತ್ತಾ ಕೂತರು. ನಾನು ಏನು ಹೇಳಿದರೂ ಅವರಿಗೆ ತಲುಪುವ ದಾರಿ ಇರಲಿಲ್ಲ. ಬರೆದೆ.

ಅವರು ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು ಓದಿದರು. ಎರಡು ಸಲ ಓದಿದರು. ರುಜು ಹಾಕಿದರು. ನಾನು ಲಕೋಟೆಗೆ ಹಾಕಿ ಅಂಟಿಸಿ, ಸಂಜೆ ಟಪಾಲಿಗೆ ನಾನೇ ಹಾಕುತ್ತೇನೆ, ಬಿಸಿಲಿದೆ, ಕೂತುಕೊಳ್ಳಿ, ಎಂದು ಸನ್ನೆ ಮಾಡಿದೆ. ಅವರು ಲಕೋಟೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಬೆಳಕಿಗೆ ಹಿಡಿದು ಒಳಗೆ ಕಾಗದ ಇದೆಯೋ ಇಲ್ಲವೋ ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಬೀದಿ ದಾಟಿ, ಪೋಸ್ಟಾಫೀಸಿನ ತನಕ ತಾವೇ ನಡೆದುಕೊಂಡು ಹೋಗಿ ಡಬ್ಬಕ್ಕೆ ಹಾಕಿ ಬಂದರು.